ಒಯ್ದವರು ತಂದುಕೊಡತಕ್ಕದ್ದು

ದೆಹಲಿ ಮಹಾನಗರಕ್ಕೂ ಜಪಾನಿನ ಮಿಝುಮೋರಿ ಎಂಬ ಪಟ್ಟಣಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಲೋಧಿ ಕಾಲೋನಿಯ ನಮ್ಮ ಬ್ಲಾಕಿಗೂ ಮಿಝುಮೋರಿಗೂ ಇರುವ ಸಂಬಂಧ ಎಂಥದ್ದೆಂದರೆ, ಅಲ್ಲಿಯ ಶಾಲೆಯ ಮಕ್ಕಳಿಗೆ ದಾವಣಗೆರೆಯ ಶಾರದಮ್ಮನವರ ಹೆಸರು ಬಾಯಿಪಾಠವಾಗಿದೆ. ಇದಕ್ಕೆಲ್ಲ ಹೊಣೆ ನಮ್ಮ ಕೆಳಗಿನ ಮನೆಯ ಶಂಕರಪ್ಪ. ಸ್ವಲ್ಪ ಹೊಣೆ ನನ್ನದೂ ಹೌದು. ಆ ದಿನ ಕೋಡುಬಳೆ ಸುರಿಯಲು ಪೇಪರ್ ಹಾಸಿದವನು ನಾನೇ.

ಶಂಕರಪ್ಪ ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್. ಯಾವ ಮಂತ್ರಾಲಯ ಎಂದು ಹೇಳುವುದಿಲ್ಲ, ಅವನ ನಿವೃತ್ತಿಗೆ ಇನ್ನು ಎರಡೇ ವರ್ಷ ಉಳಿದಿದೆ. ಯಾರಿಗೂ ಸೇರದ ಪತ್ರಗಳೆಲ್ಲ ಕೊನೆಗೆ ಬಂದು ಸೇರುವುದು ಅವನ ಮೇಜಿಗೆ. ಎರಡು ವರ್ಷದ ಹಿಂದೆ ಹಾಗೆ ಬಂದ ಪತ್ರಗಳಲ್ಲಿ ಮಿಝುಮೋರಿ ಪುರಸಭೆಯದೂ ಒಂದು. 'ಒಂಬತ್ತು ಸಾವಿರ ಜನ ವಾಸಿಸುವ ನಮ್ಮ ಪಟ್ಟಣಕ್ಕೆ ದೆಹಲಿಯೊಡನೆ ಸೋದರಿ ನಗರದ ಸಂಬಂಧ ಬೆಳೆಸುವ ಆಸೆಯಿದೆ' ಎಂದು ಅದರಲ್ಲಿ ಬರೆದಿತ್ತು. ಪತ್ರ ಹನ್ನೊಂದು ಮೇಜು ದಾಟಿತ್ತು. ಹನ್ನೊಂದು ಜನರೂ 'ನಮಗೆ ಸಂಬಂಧಿಸಿದ್ದಲ್ಲ' ಎಂದು ಷರಾ ಬರೆದು ಪಕ್ಕಕ್ಕೆ ತಳ್ಳಿದ್ದರು.

ಶಂಕರಪ್ಪನ ದೌರ್ಬಲ್ಯ ಒಂದೇ. ಉತ್ತರ ಬರೆಯದ ಕಾಗದ ಮೇಜಿನ ಮೇಲಿದ್ದರೆ ಅವನಿಗೆ ಊಟ ಇಳಿಯುವುದಿಲ್ಲ. ನಾಲ್ಕು ದಿನ ಅರೆಹೊಟ್ಟೆಯಲ್ಲಿದ್ದು, ಐದನೆಯ ದಿನ ಸ್ವಂತ ಕಾಗದದ ಮೇಲೆ, ಸ್ವಂತ ಅಂಚೆ ಚೀಟಿ ಹಚ್ಚಿ ಉತ್ತರ ಬರೆದ: 'ದೆಹಲಿ ನಗರ ಸದ್ಯಕ್ಕೆ ಲಭ್ಯವಿಲ್ಲ. ಲೋಧಿ ಕಾಲೋನಿ ಸಿದ್ಧವಿದೆ.'

ಮಿಝುಮೋರಿಯವರು ಒಪ್ಪಿಬಿಟ್ಟರು.

ಹೀಗೆ ಹುಟ್ಟಿತು ಲೋಧಿ ಕಾಲೋನಿ–ಮಿಝುಮೋರಿ ಸ್ನೇಹ ಸಂಘ. ಸದಸ್ಯರು ಏಳು ಜನ, ಎಲ್ಲರೂ ಆಸುಪಾಸಿನ ಕನ್ನಡದವರು. ಹುದ್ದೆಗಳು ಎಂಟು. ಆದ್ದರಿಂದ ಶಂಕರಪ್ಪ ಕಾರ್ಯದರ್ಶಿಯೂ ಆದ, ವಿದೇಶಾಂಗ ವಿಭಾಗದ ಮುಖ್ಯಸ್ಥನೂ ಆದ. ನಿವೃತ್ತ ಅಂಡರ್ ಸೆಕ್ರೆಟರಿ ತಿಪ್ಪೇಸ್ವಾಮಿಯವರು ಅಧ್ಯಕ್ಷರಾದರು. ನಾನು ಉಪಾಧ್ಯಕ್ಷ. ಅಂದಿನಿಂದ ಶಂಕರಪ್ಪನ ಮಾತಿನ ಧಾಟಿಯೇ ಬದಲಾಯಿತು. ತರಕಾರಿ ಗಾಡಿಯ ಮುಂದೆ ನಿಂತು ಮೂಲಂಗಿ ಆರಿಸುವಾಗಲೂ "ನಮಗೂ ಜಪಾನಿಗೂ ಇರೋ ಸಂಬಂಧದ ದೃಷ್ಟಿಯಿಂದ" ಎಂದು ಶುರುಮಾಡುತ್ತಿದ್ದ. ತರಕಾರಿ ಭಯ್ಯಾ ಅವನನ್ನು "ಜಪಾನ್ ಸಾಬ್" ಎಂದೇ ಕರೆಯತೊಡಗಿದ. ಶಂಕರಪ್ಪ ಅದನ್ನು ಬಿರುದೆಂದು ಸ್ವೀಕರಿಸಿದ.

ಕಳೆದ ನವೆಂಬರಿನಲ್ಲಿ ಮಿಝುಮೋರಿಯ ಉಪಮೇಯರ್ ಮೊರಿತಾ ಅವರು ನಾಲ್ವರನ್ನು ಕರೆದುಕೊಂಡು ನಮ್ಮ ಕಾಲೋನಿಗೆ ಭೇಟಿ ಕೊಡುವುದೆಂದು ಗೊತ್ತಾಯಿತು. ಅತಿಥಿಗಳಿಗೆ ಸ್ಮರಣಿಕೆಯಾಗಿ ಹಿತ್ತಾಳೆಯ ಆನೆಯೊಂದನ್ನು ಕೊಡುವುದೆಂದು ತೀರ್ಮಾನವಾಯಿತು. ಆನೆ ತರುವ ಕೆಲಸವನ್ನು ಶಂಕರಪ್ಪ ತಾನೇ ವಹಿಸಿಕೊಂಡ. ಕರೋಲ್ ಬಾಗಿಗೆ ಹೋಗಿ, ಆರು ಅಂಗಡಿ ಸುತ್ತಿ, ಸೊಂಡಿಲು ಮೇಲೆತ್ತಿದ ಆನೆಯನ್ನೇ ಹುಡುಕಿ, ಹಳದಿ ಬಟ್ಟೆಯ ಚೀಲದಲ್ಲಿ ಕಟ್ಟಿಸಿಕೊಂಡು ಬಂದ. ಚೀಲವನ್ನು ಬಿಚ್ಚಲು ಹೆಂಡತಿಗೂ ಬಿಡಲಿಲ್ಲ. ವೇದಿಕೆಯ ಮೇಲೇ ಬಿಚ್ಚಬೇಕು ಎಂದ.

ಅತಿಥಿಗಳು ಬರುವ ಬೆಳಿಗ್ಗೆ ಒಂದು ತಲೆನೋವು ಕಾಣಿಸಿಕೊಂಡಿತು. ಸಮುದಾಯ ಭವನಕ್ಕೆ ಹೋಗುವ ನಮ್ಮ ಓಣಿಯ ನಟ್ಟನಡುವೆ ಒಂದು ಮ್ಯಾನ್‌ಹೋಲ್ ಇದೆ. ಅದರ ಮುಚ್ಚಳವನ್ನು ಯಾರೋ ಕದ್ದು ಮೂರು ವರ್ಷವಾಗಿತ್ತು. ಶಂಕರಪ್ಪ ಅದರ ಬಗ್ಗೆ ಹದಿನಾಲ್ಕು ಅರ್ಜಿ ಬರೆದಿದ್ದ. ಯಾರೂ ಬೀಳದಿರಲಿ ಎಂದು ಜನರು ಅದರೊಳಗೆ ಒಂದು ಬೇವಿನ ಕೊಂಬೆ ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದರು. ಮೊರಿತಾ ಅವರು ನೇರವಾಗಿ ಅದರ ಮುಂದೆಯೇ ಬಂದು ನಿಂತರು. ಅರವತ್ತು ದಾಟಿದ, ತೆಳ್ಳಗಿನ, ಮಾತಿಗೊಮ್ಮೆ ತಲೆಬಾಗುವ ಮನುಷ್ಯ. ಇದೇನು ಎಂದು ದುಭಾಷಿ ಹುಡುಗಿಯ ಮೂಲಕ ಕೇಳಿದರು.

"ವೃಕ್ಷಾರೋಪಣ," ಎಂದ ಶಂಕರಪ್ಪ. "ನಿಮ್ಮ ಗೌರವಕ್ಕಾಗಿ."

ಮೊರಿತಾ ಅವರು ಬಗ್ಗಿ ಗುಂಡಿಯೊಳಗೆ ಒಂದು ಕ್ಷಣ ನೋಡಿದರು. ಮೂಗಿನ ಬಳಿ ಕರವಸ್ತ್ರ ಹಿಡಿದು ಮರಕ್ಕೆ ನಮಸ್ಕರಿಸಿ, ಫೋಟೊ ತೆಗೆದುಕೊಂಡರು.

ಭವನದಲ್ಲಿ ತಿಪ್ಪೇಸ್ವಾಮಿಯವರ ಭಾಷಣ ಶುರುವಾಯಿತು. ಭಾರತ, ಜಪಾನ್ ಎರಡೂ ಏಷ್ಯಾದಲ್ಲೇ ಇವೆ ಎಂಬುದನ್ನು ಅವರು ಇಪ್ಪತ್ತು ನಿಮಿಷ ಬಿಡಿಸಿ ಹೇಳುತ್ತಿದ್ದಾಗ, ಶಂಕರಪ್ಪ ತೆರೆಯ ಹಿಂದೆ ನನ್ನ ತೋಳು ಹಿಡಿದು ಎಳೆದ. 

"ಗುರುರಾಜ, ಆನೆ ಇಲ್ಲ ಕಣೋ."

"ಎಲ್ಲಿ ಹೋಯ್ತು?"

"ಗೊತ್ತಿಲ್ಲ. ಇದರಲ್ಲಿ ಕುಕ್ಕರ್ ಗ್ಯಾಸ್ಕೆಟ್ ಇವೆ. ಆರು. ಮತ್ತೆ ಒಂದು ಪ್ಲಾಸ್ಟಿಕ್ ಮಗ್."

ಕರೋಲ್ ಬಾಗ್ ಮೆಟ್ರೊ ಸ್ಟೇಷನ್ನಿನಲ್ಲಿ ಚೀಲಗಳನ್ನೆಲ್ಲ ಎಕ್ಸ್‌ರೇ ಯಂತ್ರದೊಳಗೆ ತೂರಿಸುತ್ತಾರಷ್ಟೆ. ಆ ಕಡೆ ಒಂದೇ ಥರದ ಎರಡು ಹಳದಿ ಚೀಲಗಳು ಹೊರಬಂದಿದ್ದವು. ಶಂಕರಪ್ಪ ಮೊದಲು ಬಂದದ್ದನ್ನು ಎತ್ತಿಕೊಂಡು ಬಂದಿದ್ದ. ದೆಹಲಿಯ ಯಾವುದೋ ಮನೆಯಲ್ಲಿ ಒಬ್ಬ ಹೆಂಗಸು ಕುಕ್ಕರಿನ ಮುಂದೆ ಆನೆ ಹಿಡಿದುಕೊಂಡು ನಿಂತಿರಬೇಕು.

ತಿಪ್ಪೇಸ್ವಾಮಿಯವರು "ಈಗ ಸ್ಮರಣಿಕೆ" ಎಂದು ಕೂಗಿದರು. ಶಂಕರಪ್ಪನ ಕಣ್ಣು ಸುತ್ತಲೂ ಓಡಿ, ಚಹಾದ ಮೇಜಿನ ಮೇಲಿದ್ದ ದೊಡ್ಡ ಸ್ಟೀಲ್ ಡಬ್ಬಿಯ ಮೇಲೆ ನಿಂತಿತು. ಅದರಲ್ಲಿ ಅವನ ಹೆಂಡತಿ ಸರಳಾ ಅತಿಥಿಗಳಿಗೆಂದು ಕೋಡುಬಳೆ ತಂದಿದ್ದರು. "ಪೇಪರ್ ಹಾಸು" ಎಂದ. ಹಾಸಿದೆ. ಕೋಡುಬಳೆ ಸುರಿದು, ಡಬ್ಬಿಯನ್ನು ಹೆಗಲ ಮೇಲಿನ ಶಾಲಿನಿಂದ ತಿಕ್ಕಿ, ಅದೇ ಶಾಲಿನಲ್ಲಿ ಸುತ್ತಿ, ವೇದಿಕೆ ಹತ್ತಿಬಿಟ್ಟ.

ಮೊರಿತಾ ಅವರು ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡರು. ತಿರುಗಿಸಿ ನೋಡಿದರು. ಹಳೆಯ ಪಾತ್ರೆಗಳ ಮೇಲೆ ಅಂಗಡಿಯವರು ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದುಕೊಡುತ್ತಿದ್ದರಲ್ಲ, ಹಾಗೆ ಅದರ ಮೇಲೂ ಕೊರೆದಿತ್ತು: 'ಶಾರದಮ್ಮ ಚಂದ್ರಪ್ಪ, ದಾವಣಗೆರೆ. ಒಯ್ದವರು ತಂದುಕೊಡತಕ್ಕದ್ದು.'

ಈ ಬರಹದ ಅರ್ಥವೇನೆಂದು ಮೊರಿತಾ ಕೇಳಿದರು.

 ಶಂಕರಪ್ಪ ಇಂಗ್ಲಿಷಿನಲ್ಲಿ ಗಂಭೀರವಾಗಿ ನುಡಿದ: "ಇದು ನನ್ನದು, ಅದು ನಿನ್ನದು ಎಂಬುದಿಲ್ಲ. ಇರುವುದೆಲ್ಲ ಎಲ್ಲರದು. ಇದು ನಮ್ಮ ನಾಡಿನ ಪುರಾತನ ವಾಣಿ."

ದುಭಾಷಿ ಅದನ್ನು ಜಪಾನಿ ಭಾಷೆಗೆ ತಿರುಗಿಸಿದಳು. ಮೊರಿತಾ ಅವರ ಕಣ್ಣು ತುಂಬಿತು. ಅವರು ಡಬ್ಬಿಯನ್ನು ಹಣೆಗೊತ್ತಿಕೊಂಡರು. ಚಪ್ಪಾಳೆಯೋ ಚಪ್ಪಾಳೆ. ಕನ್ನಡ ಓದಬಲ್ಲ ನಾವು ಏಳು ಜನ ಮಾತ್ರ ಚಾವಣಿಯ ಫ್ಯಾನು ನೋಡುತ್ತ ನಿಂತಿದ್ದೆವು. ಸರಳಾ ಆಗ ಒಳಗೆ ಚಹಾ ಸೋಸುತ್ತಿದ್ದರು.

ಸಂಜೆ ಪಾತ್ರೆಗಳನ್ನು ಬುಟ್ಟಿಗೆ ತುಂಬುವಾಗ ಅವರು ಕೇಳಿದರು, "ರೀ, ಡಬ್ಬಿ ಎಲ್ಲಿ?"

"ರಾಜತಾಂತ್ರಿಕವಾಗಿ ನೋಡಿದರೆ..." ಎಂದು ಶಂಕರಪ್ಪ ಶುರುಮಾಡಿದ.

"ಡಬ್ಬಿ ಎಲ್ಲಿ ಅಂದೆ."

"ಜಪಾನಿಗೆ ಹೋಗ್ತಾ ಇದೆ."

ಸರಳಾ ಬುಟ್ಟಿಯನ್ನು ಕೆಳಗಿಟ್ಟರು. ಅಳಲಿಲ್ಲ, ಕೂಗಲಿಲ್ಲ. "ಅವ್ವ ಮಾರ್ಚಿನಲ್ಲಿ ಬರ್ತಾಳೆ," ಎಂದಷ್ಟೇ ಹೇಳಿದರು. ಶಂಕರಪ್ಪ ಅಲ್ಲೇ ಇದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಸಿದ.

ಅವ್ವ ಎಂದರೆ ಶಾರದಮ್ಮ, ಅವನ ಅತ್ತೆ. ಅವರ ಬಗ್ಗೆ ಇಲ್ಲಿ ನಾಲ್ಕು ಮಾತು ಹೇಳಬೇಕು. ದಾವಣಗೆರೆಯ ಅವರ ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಪಾತ್ರೆ ಹೋಗುತ್ತಿದ್ದದ್ದು ಅವರ ಮನೆಯಿಂದ. ಯಾರು ಕೇಳಿದರೂ ಕೊಡುತ್ತಿದ್ದರು. ಹೇಳಿದ ದಿನ ತಂದುಕೊಟ್ಟವರಿಗೆ ಮುಂದೆ ಏನು ಬೇಕಾದರೂ ಸಿಗುತ್ತಿತ್ತು. ತಡಮಾಡಿದವರ ಮನೆಗೆ ತಾವೇ ಹೋಗಿ, ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ ಬೇರೆ ಪಾತ್ರೆಗೆ ಬಗ್ಗಿಸಿ, ತಮ್ಮದನ್ನು ಎತ್ತಿಕೊಂಡು ಬರುತ್ತಿದ್ದರು. ಅರವತ್ತು ವರ್ಷದಲ್ಲಿ ಅವರ ಒಂದು ಚಮಚವೂ ಕಳೆದಿಲ್ಲ. ಒಂದರೊಳಗೊಂದು ಕೂರುವ ನಾಲ್ಕು ಡಬ್ಬಿಗಳ ಒಂದು ಸೆಟ್ಟಿತ್ತು; ಅದನ್ನು ನಾಲ್ವರು ಮಕ್ಕಳಿಗೆ ಹಂಚಿದ್ದರು. ಸರಳಾ ನಾಲ್ವರಲ್ಲಿ ಹಿರಿಯರು, ಆದ್ದರಿಂದ ಅವರದು ಎಲ್ಲಕ್ಕಿಂತ ದೊಡ್ಡ ಡಬ್ಬಿ. ಮಾರ್ಚಿಗೆ ಶಾರದಮ್ಮನವರಿಗೆ ಎಂಬತ್ತು ತುಂಬುತ್ತಿತ್ತು. ದೆಹಲಿಯ ಮಗಳ ಮನೆಯಲ್ಲಿ ಎಲ್ಲರೂ ಸೇರಬೇಕು, ನಾಲ್ಕೂ ಡಬ್ಬಿ ತರಬೇಕು, ಮತ್ತೆ ಒಂದರೊಳಗೊಂದು ಕೂರುವುದನ್ನು ತಾನು ಕಣ್ಣಾರೆ ನೋಡಬೇಕು ಎಂಬುದೊಂದೇ ಅವರು ಕೇಳಿಕೊಂಡ ಉಡುಗೊರೆ. ದೊಡ್ಡದೇ ಇಲ್ಲದಿದ್ದರೆ ಉಳಿದ ಮೂರು ಕೂರುವುದು ಎಲ್ಲಿ?

ಅಂಥದ್ದೇ ಇನ್ನೊಂದು ಡಬ್ಬಿ ತಂದರಾಯಿತು ಎಂದು ನಾನೊಮ್ಮೆ ಬಾಯಿಬಿಟ್ಟೆ. "ಅವ್ವ ಮುಚ್ಚಳ ಹಾಕೋ ಸದ್ದು ಕೇಳೇ ಗುರುತು ಹಿಡೀತಾಳೆ, ಗುರುರಾಜಣ್ಣ," ಎಂದರು ಸರಳಾ.

ಸಂಘದ ತುರ್ತುಸಭೆ ನಡೆಯಿತು. ಕೊಟ್ಟ ಸ್ಮರಣಿಕೆಯನ್ನು ವಾಪಸ್ ಕೇಳಿದ ಪೂರ್ವನಿದರ್ಶನ ಭಾರತ ಸರ್ಕಾರದ ಯಾವ ಕಡತದಲ್ಲೂ ಇಲ್ಲ ಎಂದು ತಿಪ್ಪೇಸ್ವಾಮಿಯವರು ತೀರ್ಪು ಕೊಟ್ಟರು. ಆದರೂ ಶಂಕರಪ್ಪ ಒಂದು ಕರಡು ಸಿದ್ಧಪಡಿಸಿದ. ಎಂಟು ಪ್ಯಾರಾ. ಡಬ್ಬಿ ಎಂಬ ಪದ ಏಳನೆಯ ಪ್ಯಾರಾದಲ್ಲಿ ಮೊದಲ ಸಲ ಕಾಣಿಸಿಕೊಂಡಿತು. ನೋಯ್ಡಾದ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮಗಳು ಗಗನಾಳಿಗೆ ಇಮೇಲ್ ಮಾಡಲು ಕೊಟ್ಟ.

"ಪಪ್ಪಾ, ಯೇ ಕ್ಯಾ ಹೈ? ಇದು ಯಾರಿಗೂ ಸಮಝ್ ಆಗಲ್ಲ. ಸೀದಾ ಬರೀರಿ ನಾ, ಗಲತಿ ಆಯ್ತು, ಡಬ್ಬಿ ವಾಪಸ್ ಕೊಡಿ ಅಂತ."

"ಹಾಗೆ ಬರೆದರೆ ನಾನು ವೇದಿಕೆ ಮೇಲೆ ಹೇಳಿದ್ದು ಸುಳ್ಳು ಅಂತ ಆಗುತ್ತಲ್ಲೇ."

"ಸುಳ್ಳೇ ಅಲ್ವಾ?"

ಶಂಕರಪ್ಪ ಪತ್ರವನ್ನು ತಾನೇ ಮೊಟಕು ಮಾಡಿದ. ಕೊನೆಗೆ ಹೋದದ್ದು ಒಂದೇ ವಾಕ್ಯ: 'ತಾವು ಒಯ್ದ ಡಬ್ಬಿಯನ್ನು ನಾವು ಪ್ರತಿದಿನ ನೆನೆಯುತ್ತಿದ್ದೇವೆ.'

ಮಿಝುಮೋರಿಗೆ ಇದು ಬಹಳ ಹಿಡಿಸಿತು. ಇಷ್ಟು ಪ್ರೀತಿಯ ವಸ್ತುವನ್ನು ಬೀರುವಿನಲ್ಲಿಡುವುದು ತರವಲ್ಲ ಎಂದು ಅವರು ಪುರಸಭೆಯ ಪಡಸಾಲೆಯಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ, ಒಳಗೆ ದೀಪ ಹಾಕಿಸಿ, ಡಬ್ಬಿ ಇಟ್ಟರು. ಫೋಟೊ ಬಂತು. ಶಾಲಾಮಕ್ಕಳು ಸಾಲಾಗಿ ನಿಂತು ಡಬ್ಬಿಗೆ ತಲೆಬಾಗುತ್ತಿದ್ದರು. ಅದರ ಮೇಲಿನ ಅಕ್ಷರಗಳನ್ನು ಓದುವುದನ್ನೂ ಕಲಿಸಿದ್ದಾರಂತೆ. ಸರಳಾ ಫೋಟೊವನ್ನು ದೊಡ್ಡದು ಮಾಡಿ ನೋಡಿದರು. "ಒಳಗಿನ ಎಣ್ಣೆ ಜಿಡ್ಡನ್ನಾದರೂ ತೊಳೆದರೋ ಇಲ್ಲವೋ," ಎಂದರು.

ಫೆಬ್ರವರಿಯಲ್ಲಿ ಶಂಕರಪ್ಪ ಎರಡನೆಯ ಪತ್ರ ಬರೆದ. ಈ ಸಲ ಇನ್ನೊಂದಿಷ್ಟು ಧೈರ್ಯ ಮಾಡಿದ್ದ: 'ನಮ್ಮ ಕುಟುಂಬದ ಹಿರಿಯರೊಬ್ಬರು ಮಾರ್ಚಿನಲ್ಲಿ ಎಂಬತ್ತು ಪೂರೈಸುವ ಸಂದರ್ಭದಲ್ಲಿ ಆ ಡಬ್ಬಿಯನ್ನು ನೋಡಲು ಬಯಸಿದ್ದಾರೆ.' ಉತ್ತರ ಕೂಡಲೇ ಬಂತು: 'ಹಿರಿಯರಿಗೆ ನಮ್ಮ ಗೌರವ. ಆ ದಿನದೊಳಗೆ ತಮ್ಮ ಮನೆಗೆ ತಲುಪುವಂತೆ ಕಳಿಸುತ್ತಿದ್ದೇವೆ.'

ಶಂಕರಪ್ಪ ಓಣಿಗೆಲ್ಲ ಲಡ್ಡು ಹಂಚಿದ. ತರಕಾರಿ ಭಯ್ಯಾನಿಗೆ ಎರಡು ಕೊಟ್ಟ.

ಶಾರದಮ್ಮನವರು ಗುರುವಾರ ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಇಳಿದರು. ಹುಟ್ಟುಹಬ್ಬ ಭಾನುವಾರವಿತ್ತು. ಮನೆಗೆ ಬಂದು ಕಾಲು ತೊಳೆದು, ಅಡುಗೆಮನೆಯ ಕಪಾಟು ತೆರೆದು, ಮೇಲಿನಿಂದ ಕೆಳಗಿನವರೆಗೆ ನೋಡಿ, ಮುಚ್ಚಿದರು.

"ದೊಡ್ಡ ಡಬ್ಬಿ ಕಾಣವಲ್ದು."

"ಪಾಲಿಶ್‌ಗೆ ಕೊಟ್ಟಿದೀವಿ ಅತ್ತೆ," ಎಂದ ಶಂಕರಪ್ಪ.

"ಸ್ಟೀಲ್ ಡಬ್ಬಿಗೆ ಎಂಥ ಪಾಲಿಶು?"

"ದೆಹಲಿಯಲ್ಲಿ ಮಾಡ್ತಾರೆ."

ಶಾರದಮ್ಮ ಅಳಿಯನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. 

ಶುಕ್ರವಾರ ಬೆಳಿಗ್ಗೆ ಮರದ ಪೆಟ್ಟಿಗೆ ಬಂತು. ಒಂದು ಡಬ್ಬಿಗೆ ನಾಲ್ಕು ಜನ ಹೊರುವಷ್ಟು ಭಾರವೇಕೆ ಎಂಬ ಪ್ರಶ್ನೆ ಆಗಲೇ ನಮ್ಮಲ್ಲಿ ಯಾರಿಗಾದರೂ ಬರಬೇಕಿತ್ತು. ಅಂಗಳದಲ್ಲಿ ಇಳಿಸಿ, ಮೊಳೆ ಕಿತ್ತು, ಹುಲ್ಲು ಸರಿಸಿದರೆ ಒಳಗೆ ಎರಡಡಿ ಅಗಲದ ದುಂಡನೆಯ ಕಬ್ಬಿಣದ ತಟ್ಟೆ. ನಡುವೆ ಬೆಳ್ಳಿಬಣ್ಣದಲ್ಲಿ ನಮ್ಮ ಡಬ್ಬಿಯ ಚಿತ್ರ, ಸುತ್ತ ಗುಲಾಬಿ ಬಣ್ಣದ ಹೂಗಳು, ಅಂಚಿನಲ್ಲಿ ಗುಂಡಗೆ, ಚುಕ್ಕಿ ಚುಕ್ಕಿಯಾಗಿ ಎರಕ ಹೊಯ್ದ ಕನ್ನಡ ಅಕ್ಷರಗಳು. ಶಾರದಮ್ಮ ಕನ್ನಡಕ ಹಾಕಿಕೊಂಡು, ತಟ್ಟೆಯ ಸುತ್ತ ಒಂದು ಸುತ್ತು ಬಂದು, ಗಟ್ಟಿಯಾಗಿ ಓದಿದರು: "ಶಾರದಮ್ಮ ಚಂದ್ರಪ್ಪ, ದಾವಣಗೆರೆ. ಒಯ್ದವರು ತಂದುಕೊಡತಕ್ಕದ್ದು."

ಗಗನಾ ಜೊತೆಗಿದ್ದ ಪತ್ರ ಬಿಚ್ಚಿದಳು. "ಅಜ್ಜಿ, ಇವರು ಬರೆದಿದ್ದಾರೆ, ನಮ್ಮ ಊರಿನ ಮೇನ್ ರೋಡ್‌ನಲ್ಲಿ ಹನ್ನೆರಡು ಕಡೆ ಇದನ್ನ ಹಾಕಿದೀವಿ, ಒಂದು ನಿಮಗೆ ಅಂತ. ಇದು... ಪಪ್ಪಾ, ಯೇ ತೋ ಮ್ಯಾನ್‌ಹೋಲ್ ಕಾ ಢಕ್ಕನ್ ಹೈ!"

 ಮಿಝುಮೋರಿಯಲ್ಲಿ ಗಟಾರದ ಮುಚ್ಚಳದ ಮೇಲೆ ಚಿತ್ರ ಬರೆಸುವುದು ಊರಿನ ಹೆಮ್ಮೆಯಂತೆ. ಅದು ನಮಗೆ ಆಮೇಲೆ ತಿಳಿದದ್ದು. ಆ ಕ್ಷಣಕ್ಕೆ ನಮ್ಮೆಲ್ಲರ ಕಣ್ಣ ಮುಂದಿದ್ದದ್ದು ಎಂಬತ್ತರ ಹಿರಿಯರ ಹೆಸರಿನ ಮೇಲೆ ಒಂಬತ್ತು ಸಾವಿರ ಜಪಾನಿಗಳು ಚಪ್ಪಲಿ ಕಾಲಿನಲ್ಲಿ ಓಡಾಡುವ ದೃಶ್ಯ. ತಿಪ್ಪೇಸ್ವಾಮಿಯವರು ಎದೆ ನೀವಿಕೊಂಡರು. ಶಂಕರಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟ.

ಶಾರದಮ್ಮ ಬಗ್ಗಿ ಬೆರಳ ಗೆಣ್ಣಿನಿಂದ ಮುಚ್ಚಳವನ್ನು ಕುಟ್ಟಿ ನೋಡಿದರು.

"ಗಟ್ಟಿ ಐತಿ," ಎಂದರು. "ಅಕ್ಷರ ಒಂದೂ ತಪ್ಪಿಲ್ಲ. ನಮ್ಮೂರಾಗೆ ಕರೆಂಟ್ ಬಿಲ್ಲಿನಾಗೇ ನನ್ನ ಹೆಸರು ಸರಿಯಾಗಿ ಬರಂಗಿಲ್ಲ. ಆದ್ರೆ ಅಳಿಯಂದ್ರೆ, ನನ್ನ ಹೆಸರು ಇವ್ರಿಗೆ ಹೆಂಗೆ ಗೊತ್ತಾತು?"

ಶಂಕರಪ್ಪ ಚೆಲ್ಲಿದ್ದ ಹುಲ್ಲನ್ನು ಆಯ್ದು ಪೆಟ್ಟಿಗೆಗೆ ಹಾಕತೊಡಗಿದ.

"ಪಾಲಿಶು ಜಪಾನಿನಾಗೆ ಮಾಡ್ತಾರೇನು?"

ಅವನು ಎಲ್ಲವನ್ನೂ ಹೇಳಿದ. ಮೆಟ್ರೊ, ಗ್ಯಾಸ್ಕೆಟ್, ಕೋಡುಬಳೆ, ಪುರಾತನ ವಾಣಿ, ಎರಡು ಪತ್ರ. ಶಾರದಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ ಕೇಳಿದ್ದು ಒಂದೇ. "ಬರೆದಿರೋದು ಏನು ಅಂತ ಅವ್ರಿಗೆ ಇನ್ನೂ ಹೇಳಿಲ್ಲೇನು?"

"ಇಲ್ಲ."

"ಹಂಗಿದ್ರೆ ಅವ್ರ ತಪ್ಪೇನೈತಿ? ಗಗನಾ, ಫೋನ್ ಹಚ್ಚು."

ವೀಡಿಯೊದಲ್ಲಿ ಮೊರಿತಾ ಅವರೂ ಇಂಗ್ಲಿಷ್ ಬಲ್ಲ ಅವರ ಗುಮಾಸ್ತೆಯೂ ಕಾಣಿಸಿಕೊಂಡರು. ಉಡುಗೊರೆ ಹಿಡಿಸಿತೇ ಎಂದು ಮೊರಿತಾ ನಗುನಗುತ್ತ ಕೇಳಿದರು. ಶಾರದಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು ಅಳಿಯನ ಕಡೆ ಕೈ ತೋರಿಸಿದರು. "ನೀವೇ ಹೇಳ್ರಿ."

ಶಂಕರಪ್ಪ ಮೂವತ್ತೈದು ವರ್ಷ ಸರ್ಕಾರಿ ನೌಕರಿಯಲ್ಲಿ ಸೀದಾ ವಾಕ್ಯ ಬರೆದವನಲ್ಲ. ಆ ದಿನ ಬರೀ ಸೀದಾ ವಾಕ್ಯಗಳೇ ಬಂದವು. "ಸರ್, ಆ ದಿನ ನಾನು ಹೇಳಿದ್ದು ಸುಳ್ಳು. ಡಬ್ಬಿ ಸ್ಮರಣಿಕೆಯಲ್ಲ, ನಮ್ಮ ಅತ್ತೆಯದು. ಅದರ ಮೇಲಿರುವುದು ಅವರ ಹೆಸರು. ಕೆಳಗೆ ಬರೆದಿರುವುದು, ಇದನ್ನು ತೆಗೆದುಕೊಂಡು ಹೋದವರು ತಂದುಕೊಡಬೇಕು ಅಂತ."

ಗುಮಾಸ್ತೆ ಅನುವಾದಿಸಿದಳು. ಮೊರಿತಾ ಅವರ ನಗು ಅಲ್ಲೇ ನಿಂತಿತು. ಅವರು ತಲೆ ಬಗ್ಗಿಸಿದರು. ಇನ್ನೂ ಬಗ್ಗಿಸಿದರು. ಪರದೆಯಲ್ಲಿ ಖಾಲಿ ಕುರ್ಚಿಯ ಬೆನ್ನು ಮಾತ್ರ ಉಳಿಯಿತು. ಆಮೇಲೆ ಕರೆ ಕಟ್ಟಾಯಿತು.

"ಮುಗೀತು," ಎಂದರು ತಿಪ್ಪೇಸ್ವಾಮಿ. "ಒಂದು ದೇಶದ ಜೊತೆ ಸಂಬಂಧ ಮುಗೀತು." ಅಲ್ಲೇ ನಿಂತಲ್ಲೇ ಅಧ್ಯಕ್ಷ ಪದವಿಗೆ ರಾಜೀನಾಮೆ ಕೊಟ್ಟರು. ಅದನ್ನು ಎಲ್ಲೂ ಬರೆದಿಡಬೇಡಿ ಎಂದೂ ಹೇಳಿದರು.

ಶನಿವಾರ ಸರಳಾ ಅವರ ಮೂವರು ತಮ್ಮಂದಿರು ಒಬ್ಬೊಬ್ಬರಾಗಿ ತಮ್ಮ ಡಬ್ಬಿಗಳೊಡನೆ ಬಂದಿಳಿದರು. ಹಿರಿಯವನಾದ ಬಸವರಾಜ ತನ್ನದನ್ನು ರೈಲಿನಲ್ಲಿ ತಲೆದಿಂಬಿನ ಕೆಳಗಿಟ್ಟುಕೊಂಡು ಬಂದೆನೆಂದು ಎಲ್ಲರ ಮುಂದೆ ಎರಡೆರಡು ಸಲ ಹೇಳಿದ. ಸರಳಾ ಚಟ್ನಿಪುಡಿ ಕೊಡುವ ನೆಪದಲ್ಲಿ ನಮ್ಮ ಮನೆಗೆ ಬಂದು ಕೂತರು.

"ಅವ್ವ ಬೈದಿದ್ರೆ ಚೆನ್ನಾಗಿತ್ತು, ಗುರುರಾಜಣ್ಣ. ಒಂದು ಮಾತೂ ಆಡಿಲ್ಲ. ಮದುವೆಯಾಗಿ ಈ ಊರಿಗೆ ಬಂದಾಗ ನಂಗೆ ಹಿಂದಿ ಬರ್ತಿರಲಿಲ್ಲ, ಇವರು ಆಫೀಸಿಗೆ ಹೋದರೆ ಮಾತಾಡೋಕೆ ಯಾರೂ ಇರಲಿಲ್ಲ. ಆಗ ಆ ಡಬ್ಬಿ ಮೇಲಿನ ಅವ್ವನ ಹೆಸರು ದಿನಾ ಒಂದು ಸಲ ಓದ್ತಿದ್ದೆ." ಇಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಪೇಪರ್ ಹಾಸಿದ ನನ್ನ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ.

ಭಾನುವಾರ ಹನ್ನೊಂದು ಗಂಟೆಗೆ ಆರತಿಗೆ ಸಿದ್ಧವಾಯಿತು. ಶಾರದಮ್ಮ ಹೊಸ ಇಳಕಲ್ ಸೀರೆಯುಟ್ಟು ಕೂತಿದ್ದರು. ಎದುರಿನ ಮಣೆಯ ಮೇಲೆ ಮೂರು ಡಬ್ಬಿ, ಪಕ್ಕದಲ್ಲಿ ಒಂದು ದುಂಡನೆಯ ಖಾಲಿ ಜಾಗ. ಆ ಜಾಗವನ್ನು ಬಿಟ್ಟು ಎಲ್ಲರೂ ಎಲ್ಲ ಕಡೆ ನೋಡುತ್ತಿದ್ದರು. ಆಗ ಓಣಿಯಲ್ಲಿ ಟ್ಯಾಕ್ಸಿ ನಿಂತ ಸದ್ದಾಯಿತು. ತರಕಾರಿ ಭಯ್ಯಾನ ಕೂಗು ಕೇಳಿಸಿತು: "ಜಪಾನ್ ಸಾಬ್! ಅಸಲೀ ಜಪಾನ್ ಸಾಬ್ ಬಂದಿದ್ದಾರೆ!" ಹಿಂದಿಯಲ್ಲೇ ಕೂಗಿದ, ಆದರೆ ನಮಗೆಲ್ಲ ಅದು ಕನ್ನಡದಲ್ಲೇ ಕೇಳಿಸಿತು.

ಮೊರಿತಾ ಅವರು ಒಬ್ಬರೇ ಬಂದಿದ್ದರು. ವಿಮಾನದಲ್ಲಿ ರಾತ್ರಿಯಿಡೀ ತೊಡೆಯ ಮೇಲೆ ಇಟ್ಟುಕೊಂಡದ್ದಕ್ಕೆ ಕೋಟು ಮುದುರಿತ್ತು. ತೊಡೆಯ ಮೇಲಿದ್ದದ್ದು ಈಗ ಅವರ ಎರಡು ಕೈಯಲ್ಲಿತ್ತು, ನೀಲಿ ಬಟ್ಟೆಯಲ್ಲಿ ಗಂಟು ಕಟ್ಟಿತ್ತು. ಬಾಗಿಲಲ್ಲೇ ಶೂ ಬಿಚ್ಚಿ, ಶಾರದಮ್ಮನವರ ಮುಂದೆ ಮೊಣಕಾಲೂರಿ ಕೂತು, ಗಂಟು ಬಿಚ್ಚಿದರು. ಆಮೇಲೆ ದಾರಿಯುದ್ದಕ್ಕೂ ಕಲಿತ ಒಂದು ಕನ್ನಡದ ಮಾತು ಆಡಿದರು.

"ತಂದುಕೊಟ್ಟೆ."

ಅಂಚೆಯಲ್ಲಿ ಏಕೆ ಕಳಿಸಲಿಲ್ಲ ಎಂದು ಗಗನಾ ಇಂಗ್ಲಿಷಿನಲ್ಲಿ ಕೇಳಿದಳು. ಅವರು ತಮ್ಮ ಮುರುಕು ಇಂಗ್ಲಿಷಿನಲ್ಲೇ ಉತ್ತರಿಸಿದರು. ಒಯ್ದವನು ತಾನು, ಒಯ್ದವರೇ ತರಬೇಕೆಂದು ಬರೆದಿದೆಯಲ್ಲ.

ಶಾರದಮ್ಮ ಮುಚ್ಚಳ ತೆಗೆದರು. ಒಳಗೆ ಅಂಚಿನವರೆಗೆ ಅಕ್ಕಿಯ ಬಿಲ್ಲೆಗಳು. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ಅಗಿದರು. "ನಮ್ಮ ನಿಪ್ಪಟ್ಟಿನಂಗೇ ಐತಿ. ಖಾರ ಹಾಕಾಕೆ ಗೊತ್ತಿಲ್ಲ, ಪಾಪ. ಆದ್ರೂ ಡಬ್ಬಿ ಖಾಲಿ ತಂದಿಲ್ಲ ನೋಡು ಸರಳಾ. ಒಳ್ಳೆ ಮನೆತನದೋನು." ಬಿಲ್ಲೆಗಳನ್ನು ಪರಾತಕ್ಕೆ ಸುರಿದು, ತಮ್ಮ ಕೈಯಾರೆ ಮೂರು ಡಬ್ಬಿಗಳನ್ನು ಒಂದರೊಳಗೊಂದು ಕೂರಿಸಿ, ದೊಡ್ಡದರೊಳಗಿಟ್ಟು ಮುಚ್ಚಿದರು. ಮುಚ್ಚಳ ಕೂತ ಸದ್ದಿಗೆ ಕಣ್ಣು ಮುಚ್ಚಿ ತಲೆಯಾಡಿಸಿದ ಅವರು ಮಗಳ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಸರಳಾ ಈ ಸಲ ಬಿಕ್ಕಿಬಿಕ್ಕಿ ಅತ್ತರು.

ಊಟವಾದ ಮೇಲೆ ಮೊರಿತಾ ಹೊರಟು ನಿಂತರು. ಶಾರದಮ್ಮ ಮೂರು ಸಣ್ಣ ಡಬ್ಬಿಗಳನ್ನು ಹೊರತೆಗೆದು ಗಂಡುಮಕ್ಕಳಿಗೆ ಕೊಟ್ಟರು. ಮಗಳನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಕೇಳಿದರು. ಸರಳಾ ಕಣ್ಣೊರೆಸಿಕೊಂಡು ನಕ್ಕು, ತಾವೇ ಒಳಗೆ ಹೋಗಿ, ದೊಡ್ಡ ಡಬ್ಬಿಯ ತುಂಬ ಕೋಡುಬಳೆ ತುಂಬಿ ತಂದರು. ಶಾರದಮ್ಮ ಅದನ್ನು ಮೊರಿತಾ ಅವರ ಕೈಗಿಟ್ಟರು. ಅವರು ಗಾಬರಿಯಿಂದ ಶಂಕರಪ್ಪನ ಮುಖ ನೋಡಿದರು.

"ಹೇಳ್ರಿ," ಎಂದರು ಶಾರದಮ್ಮ. "ಈ ಸಲ ಇದ್ದದ್ದು ಇದ್ದಂಗೆ ಹೇಳ್ರಿ."

ಶಂಕರಪ್ಪ ಇದ್ದದ್ದನ್ನು ಇದ್ದಂತೆ ಹೇಳಿದ: "ಡಬ್ಬಿ ಅವರದೇ. ನಿಮಗೆ ಕೊಡುತ್ತಿಲ್ಲ. ಒಂದು ವರ್ಷದ ಮಟ್ಟಿಗೆ ಕಡವಾಗಿ ಒಯ್ಯಿರಿ. ಮುಂದಿನ ಮಾರ್ಚಿಗೆ ತಂದುಕೊಡಬೇಕು. ಹೇಳಿದ ದಿನ ತಂದವರಿಗೆ ಅವರು ಏನು ಬೇಕಾದರೂ ಕೊಡುತ್ತಾರೆ."

ಮೊರಿತಾ ಡಬ್ಬಿಯನ್ನು ಹಣೆಗೊತ್ತಿಕೊಂಡರು. ಈ ಸಲ ನಾವು ಯಾರೂ ಫ್ಯಾನಿನ ಕಡೆ ನೋಡಲಿಲ್ಲ. ಓಣಿಯಲ್ಲಿ ಬೇವಿನ ಕೊಂಬೆಯ ಬಳಿ ಬಂದಾಗ ಅವರು ಶಂಕರಪ್ಪನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ, ಮುಚ್ಚಳದ ಅಳತೆ ಸರಿಹೋಗುತ್ತದೆ, ಆ ದಿನ ಫೋಟೊ ತೆಗೆದದ್ದು ಅದಕ್ಕೇ ಎಂದರು. ಸಂಜೆಯೊಳಗೆ ನಾವು ಏಳು ಜನ ಸೇರಿ, ಕೊಂಬೆ ಕಿತ್ತು, ಮುಚ್ಚಳ ಕೂರಿಸಿದೆವು. ತಿಪ್ಪೇಸ್ವಾಮಿಯವರು ರಾಜೀನಾಮೆ ವಾಪಸ್ ಪಡೆದು ರಿಬ್ಬನ್ ಕತ್ತರಿಸಿದರು. ಅದರ ಮೇಲೆ ಕಾಲಿಡಲು ಎಲ್ಲರೂ ಹಿಂಜರಿದಾಗ ಶಾರದಮ್ಮನವರೇ ಮೊದಲು ಹತ್ತಿ ನಿಂತು, ಎರಡು ಸಲ ಕುಣಿದು ನೋಡಿ, "ನಡೀರಿ, ಏನೂ ಆಗಂಗಿಲ್ಲ" ಎಂದರು.

ಅವರು ಊರಿಗೆ ಮರಳಿ ಹದಿನೈದು ದಿನಕ್ಕೆ ಮುಚ್ಚಳ ಕಳುವಾಯಿತು.

ಆ ಬೆಳಿಗ್ಗೆ ಶಂಕರಪ್ಪ ಗುಂಡಿಯ ಪಕ್ಕದಲ್ಲಿ ನಿಂತು ಹದಿನೈದನೆಯ ಅರ್ಜಿಯನ್ನು ಮನಸ್ಸಿನಲ್ಲೇ ಬರೆಯುತ್ತಿದ್ದಾಗ ದಾವಣಗೆರೆಯಿಂದ ಫೋನ್ ಬಂತು. ಸ್ಪೀಕರಿಗೆ ಹಾಕಿದ. "ಮುಚ್ಚಳ ಹೆಂಗೈತಿ, ಅಳಿಯಂದ್ರೆ?"

"ಚೆನ್ನಾಗಿ..." ಎಂದು ಹೊರಟವನು ನನ್ನ ಮುಖ ನೋಡಿದ, ಗುಂಡಿ ನೋಡಿದ.  "ಇಲ್ಲ ಅತ್ತೆ. ಯಾರೋ ಒಯ್ದಿದ್ದಾರೆ."



"ಓದಿದ್ದಾರೋ ಇಲ್ಲೋ?"

"ಕನ್ನಡ ಬರಲಿಕ್ಕಿಲ್ಲ ಅತ್ತೆ."

"ಹಂಗಾ," ಎಂದರು ಶಾರದಮ್ಮ. "ಟಿಕೆಟ್ ತೆಗೆಸ್ರಿ. ನಾನೇ ಬಂದು ಓದಿ ಹೇಳ್ತೀನಿ."